“ಉಂಡೀಯೇನಪ್ಪಾ?” ಎಂದ ಅಜ್ಜಿ

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಬೇಕರಿಯ ಮಾಳಿಗೆಯ ಮೇಲೆ ಮಂಜಣ್ಣನ ಕಂಪ್ಯೂಟರ್ ಸೆಂಟರ್ ಇತ್ತು. ಅಲ್ಲಿ ಕಿಟಕಿ ಪಕ್ಕದ್ದೊಂದೇ ಕಂಪ್ಯೂಟರು. ಉಳಿದವೆಲ್ಲ ಅದರ ಮುತ್ತಜ್ಜಂದಿರು. ಅವು ಆನ್ ಆಗುವಷ್ಟರಲ್ಲಿ ಕೆಳಗಿನ ಬೇಕರಿಯವನು ಒಂದು ಒಲೆ ಬ್ರೆಡ್ಡು ಸುಟ್ಟು, ಮಾರಿ, ಅಂಗಡಿಗೆ ಬೀಗ ಹಾಕಿರುತ್ತಿದ್ದ. ಕಿಟಕಿ ಪಕ್ಕದ್ದು ಹಾಗಲ್ಲ. ಬಟನ್ ಒತ್ತಬೇಕೆಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಎದ್ದು ಕೂರುತ್ತಿತ್ತು. ತಲೆಯ ಮೇಲೆ ಫ್ಯಾನು ಬೇರೆ. ಆ ಕುರ್ಚಿ ಉಜ್ಜಿನಪ್ಪನದು.

ಏಕೆಂದರೆ, ಕೂಡ್ಲಿಗಿಯಿಂದ ಹಡಗಲಿಯವರೆಗೆ ಗೇಮ್ ಆಡುವುದರಲ್ಲಿ ಅವನನ್ನು ಮೀರಿಸುವ ಗಂಡು ಇನ್ನೂ ಹುಟ್ಟಿರಲಿಲ್ಲ. ಅವನು ಮೌಸ್ ತಿರುಗಿಸುವ ರಭಸಕ್ಕೆ ಪಕ್ಕದವರ ಕ್ರಾಪು ಕೆಡುತ್ತಿತ್ತು. “ನಾನ ಒಂದು ಗೇಮ್ ಮಾಡ್ತೀನಿ, ನೋಡ್ಕೊಂತ ಇರ್ರಿ” ಎಂದು ಅವನು 2002ರಲ್ಲಿ ಹೇಳಿದ್ದ. 2004 ಬಂದರೂ ಹೇಳುತ್ತಲೇ ಇದ್ದ. ಅದನ್ನು ನಂಬಿಯೇ ಮಂಜಣ್ಣ ಕುರ್ಚಿ ಕೊಟ್ಟಿದ್ದ.

ಹೀಗಿರುವಾಗ ಉಚ್ಚಂಗಿದುರ್ಗದಿಂದ ಬಸ್ಸಿಗೆ ಬಂದುಹೋಗುತ್ತಿದ್ದ ದುರ್ಗಾದೇವಿ, ಬಾಗಿಲ ಪಕ್ಕದ ಮುದಿ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಒಂದು ಸಾಹಸದ ಗೇಮ್ ಮಾಡಿ ಮುಗಿಸಿಬಿಟ್ಟಳು. ತಮ್ಮೂರ ಕೋಟೆ, ತಾನೇ ಬಿಡಿಸಿದ ಬಂಡೆಗಳು, ಮೆಟ್ಟಿಲು, ಹೊಂಡ. ಆಡುವವನು ಕೀಲಿ ಹುಡುಕಿ ಕೋಟೆಯ ಬಾಗಿಲು ತೆಗೆಯಬೇಕು.

“ಉಜ್ಜಿನಾ, ಭಾನುವಾರ ಹುಡುಗರ ಮನಿಯವ್ರು ಬರ್ತಾರ, ಅವರ ಮುಂದ ಇದನ್ನ ತೋರ್ಸಬೇಕು” ಎಂದ ಮಂಜಣ್ಣ. “ನೀ ಮೊದಲು ಆಡಿ, ಎಲ್ಲಿ ಏನು ಸರಿಮಾಡಬೇಕು ಆಕಿಗೆ ಹೇಳು. ಗೇಮ್ ಚಲೋ ಅನಿಸ್ತು ಅಂದ್ರ ಆ ಕಿಟಕಿ ಕಡಿ ಮಷೀನ್ ಆಕಿಗೇ ಬಿಟ್ಟುಬಿಡಾನು ಅಂತ ಮಾಡೀನಿ.”

ಉಜ್ಜಿನಪ್ಪನ ಹೊಟ್ಟೆಯಲ್ಲಿ ಎದ್ದ ಉರಿಗೆ ಕೆಳಗಿನ ಬೇಕರಿಯವನು ಅಂದು ಕಟ್ಟಿಗೆಯಿಲ್ಲದೆ ಬ್ರೆಡ್ಡು ಸುಡಬಹುದಿತ್ತು.

“ತಪ್ಪು ಹುಡುಕಾದು ನನಗ ಬಿಡ್ರಿ” ಎಂದು ಕೂತ. ಕೂತವನಿಗೆ ಮೊದಲ ಚಿತ್ರದಲ್ಲೇ ಕಣ್ಣು ಕುಕ್ಕಿತು. ಬಂಡೆಗಳು, ಹಾಳಾದ್ದು, ಬಂಡೆಗಳಂತೆಯೇ ಇದ್ದವು.

“ಬಂಡೆಗಳು ಎಲ್ಲ್ಯಾರ ಈ ಬಣ್ಣ ಇರ್ತಾವೇನು?”

“ಇರ್ತಾವಣ್ಣಾ. ಸಂಜಿಮುಂದ ನಮ್ಮೂರಿಗೆ ಬಂದು ನೋಡು.”

ಮೆಟ್ಟಿಲ ಬಳಿ ಒಂದು ಮನೆ, ಕಟ್ಟೆಯ ಮೇಲೆ ಒಬ್ಬ ಅಜ್ಜಿ. “ಉಂಡೀಯೇನಪ್ಪಾ?” ಎಂದು ಕೇಳಿದಳು. ಕೆಳಗೆ ಎರಡು ಬಟನ್: “ಉಂಡೀನಮ್ಮಾ”, “ಇನ್ನಾ ಇಲ್ಲಮ್ಮಾ”. ಉಜ್ಜಿನಪ್ಪ ಯೋಚಿಸದೆ “ಉಂಡೀನಮ್ಮಾ” ಒತ್ತಿದ. ಮಾನವಂತರು ಒತ್ತುವುದು ಅದನ್ನೇ. ಅಜ್ಜಿ ಸುಮ್ಮನಾದಳು, ಅವನು ಮುಂದೆ ಹೋದ.

ಮುಂದೆ ಎಲ್ಲೂ ಕೀಲಿಯಿಲ್ಲ. ಬಂಡೆ ಬಂಡೆಯ ಬೆನ್ನು ತಡವಿದ. ಹೊಂಡಕ್ಕೆ ಎಷ್ಟು ಸಲ ಧುಮುಕಿದನೆಂದರೆ ಅದರ ಮೀನುಗಳಿಗೆಲ್ಲ ಅವನ ಹೆಸರು ಬಾಯಿಪಾಠವಾಯಿತು. ಆಡಿ ಆಡಿ ಬೆರಳು ಸೋತ ಮೇಲೆ, ಒಮ್ಮೆಲೇ ಅವನ ಮುಖ ಬೆಳಗಿತು. ಇದು ತಪ್ಪಲ್ಲವೇ? ಇಷ್ಟು ದೊಡ್ಡ ತಪ್ಪು!

“ಮಂಜಣ್ಣಾ! ಈ ಗೇಮಿನಾಗ ಕೀಲೀನ ಇಲ್ಲ!” ಇಡೀ ಸೆಂಟರ್ ತಿರುಗಿ ನೋಡಿತು.

ದುರ್ಗಾದೇವಿ ಎದ್ದು ಬಂದಳು. “ಅಜ್ಜಿ ಮನಿಯಾಗ ಐತಣ್ಣಾ, ರೊಟ್ಟಿ ಬುಟ್ಟಿ ಹಿಂದ. ನೀ ಒಳಗ ಹೋಗಲಿಲ್ಲೇನು?”

“ಆಕಿ ಕರದ್ರ ಅಲ್ಲೇನು ಹೋಗಾದು?”

“ಉಂಡೀಯೇನು ಅಂತ ಕೇಳಿದಳಲ್ಲ. ಇಲ್ಲ ಅಂದಿದ್ರ ಕರೀತಿದ್ದಳು.”

“ಕೇಳಿದ ಕೂಡ್ಲೆ ಇಲ್ಲ ಅನ್ನಾಕ ನಾನೇನು ಅನ್ನ ಕಾಣದಾವನೇನು? ಮಂದಿ ಏನಂದಾರು!”

ಹಿಂದಿನ ಸಾಲಿನಿಂದ ಅಂಜಿನಿ ಕೂಗಿದ: “ಚಾಂಪಿಯನ್ನು ನಾಚಿಕಿಗೆ ಬಿದ್ದು ಉಪವಾಸ ಸತ್ತನಲ್ಲಪ್ಪೋ!”

ಎಲ್ಲರೂ ನಕ್ಕರು. ಉಜ್ಜಿನಪ್ಪನ ಕಿವಿ ಕೆಂಪಾದವು.

“ನಗ್ರಿ, ನಗ್ರಿ. ತಪ್ಪು ನಂದಲ್ಲ, ಅಜ್ಜೀದು. ನಮ್ಮ ಕಡಿ ಯಾವ ಅಜ್ಜಿ ಒಮ್ಮಿ ಕೇಳಿ ಸುಮ್ಕಾಗ್ತಾಳ? ಉಂಡೀನಿ ಅಂದ್ರ, ‘ಉಂಡ್ರೇನಾತು, ಒಂದು ರೊಟ್ಟಿ ತಿನ್ನು ಬಾ’ ಅಂತಾಳ. ಒಲ್ಲೆ ಅಂದ್ರ ಬಯ್ತಾಳ. ಅಷ್ಟಕ್ಕೂ ಒಲ್ಲೆ ಅಂದ್ರ ಕೈ ಹಿಡದು ಎಳೀತಾಳ! ಒಮ್ಮಿ ಕೇಳಿ ಬಿಟ್ಟಾಕಿ ಅಜ್ಜಿ ಅಲ್ಲ, ಬಸ್ ಕಂಡಕ್ಟರು!”

ನಕ್ಕವರೆಲ್ಲ ಹೌದು ಹೌದೆಂದು ತಲೆದೂಗಿದರು. ಗೇಮಿನ ಕತೆ ಮುಗಿಯಿತು ಎಂದುಕೊಂಡ ಉಜ್ಜಿನಪ್ಪ. ಆದರೆ ದುರ್ಗಾದೇವಿಯ ಕಣ್ಣು ಅರಳಿದ್ದವು.

“ಖರೇವಣ್ಣಾ! ನನಗ ಹೊಳೀಲೇ ಇಲ್ಲ ನೋಡು” ಎಂದು ಓಡಿಹೋಗಿ ಮುದಿ ಕಂಪ್ಯೂಟರಿನ ಮುಂದೆ ಕೂತಳು. ಅವಳ ಬೆನ್ನು ನೋಡುತ್ತ ಉಜ್ಜಿನಪ್ಪನಿಗೆ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಳ್ಳಬೇಕೆನಿಸಿತು.

ಭಾನುವಾರ ಮಾಳಿಗೆ ಕುಸಿಯುವಷ್ಟು ಜನ. ಕಿಟಕಿ ಪಕ್ಕದ ಮಷೀನಿನಲ್ಲಿ ಗೇಮ್ ಆಡಿ ತೋರಿಸುವ ಕೆಲಸ ಉಜ್ಜಿನಪ್ಪನದೇ. “ಉಂಡೀನಮ್ಮಾ” ಒತ್ತಿದ. ಅಜ್ಜಿ ಬಿಡಲಿಲ್ಲ. ಮತ್ತೆ ಒತ್ತಿದ. ಬೈದಳು. ಮತ್ತೂ ಒತ್ತಿದ್ದಕ್ಕೆ ಕಟ್ಟೆಯಿಂದ ದಬದಬನೆ ಇಳಿದು ಬಂದು ಕೈ ಹಿಡಿದು ಒಳಗೆ ಎಳೆದೊಯ್ದಳು. ಆಗ ಎದ್ದ ಜನರ ನಗು ಪಕ್ಕದೂರು ಬಾಗಳಿಯ ಎಮ್ಮೆಗಳನ್ನೂ ಬೆಚ್ಚಿಬೀಳಿಸಿತು. “ಥೇಟ್ ನಮ್ಮತ್ತಿ!” ಎಂದು ಅಂಜಿನಿಯ ತಾಯಿ ಪಕ್ಕೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಅಜ್ಜಿ ನಂದು ಎಂದು ಕೂಗಿಬಿಡಲೇ ಎಂದು ಉಜ್ಜಿನಪ್ಪ ಬಾಯಿ ತೆರೆಯುವಷ್ಟರಲ್ಲಿ ದುರ್ಗಾದೇವಿಯೇ, “ಅಜ್ಜಿ ಎಳಿಯಾದು ಉಜ್ಜಿನಣ್ಣ ಹೇಳಿಕೊಟ್ಟಿದ್ರಿ” ಎಂದಳು. ಜನ ಚಪ್ಪಾಳೆ ತಟ್ಟಿದರು. ಕದಿಯಬೇಕೆಂದಿದ್ದನ್ನು ಕೈಗೇ ಕೊಟ್ಟಳಲ್ಲ! ಉರಿ ಇನ್ನೊಂದು ಮೊಳ ಏರಿತು.

“ದುರ್ಗವ್ವಾ, ಇವತ್ತಿನಿಂದ ಈ ಮಷೀನ್ ನಿಂದು. ಕುಂದ್ರು ಬಾ” ಎಂದ ಮಂಜಣ್ಣ.

“ಬ್ಯಾಡ್ರಿ ಸರ, ಉಜ್ಜಿನಣ್ಣ ಅದಾನಲ್ರಿ.”

ಉಜ್ಜಿನಪ್ಪ ಕಿವಿ ನಿಮಿರಿಸಿದ. ಬೇಡ ಅಂದಳು! ಇನ್ನು ಮಂಜಣ್ಣ ಸುಮ್ಮನಾದರೆ ಸಾಕು. ಕಂಡಕ್ಟರ್ ಆಗು ಮಾರಾಯಾ, ಒಂದು ಸಲ ಕಂಡಕ್ಟರ್ ಆಗು ಎಂದು ಮನಸ್ಸಿನಲ್ಲೇ ಮಂಜಣ್ಣನನ್ನು ಬೇಡುತ್ತ, ಉಚ್ಚಂಗೆಮ್ಮನಿಗೆ ಹರಕೆ ಹೊತ್ತ.

“ಅದಾನ ಅಂದ್ರೇನಾತು, ಬಾ.”

“ಇರಲಿ ಬಿಡ್ರಿ ಸರ.”

“ಏ, ಬಾ ಅಂದ್ರ ಬರಬೇಕು!” ಎಂದು ಮಂಜಣ್ಣ ಗದರಿದ. ಅಷ್ಟರಲ್ಲಿ ಪಕ್ಕೀರಮ್ಮ, ಗೇಮಿನ ಅಜ್ಜಿಯಂತೆಯೇ ಹುಡುಗಿಯ ಕೈ ಹಿಡಿದು ದರದರನೆ ಎಳೆದು ತಂದು ಕುರ್ಚಿಯ ಮುಂದೆ ನಿಲ್ಲಿಸಿದಳು. ಜನರೆಲ್ಲ ಕುರ್ಚಿಯಲ್ಲಿದ್ದವನನ್ನು ನೋಡಿದರು. ಉಜ್ಜಿನಪ್ಪ ಎದ್ದ.

ದುರ್ಗಾದೇವಿ ಕೂತಳು. ಪಕ್ಕದ ಸ್ಟೂಲನ್ನು ಎಳೆದು, “ನೀನೂ ಕುಂದ್ರಣ್ಣಾ. ಮುಂದಿನ ಗೇಮಿಗೂ ನೀನ ತಪ್ಪು ಹೇಳಬೇಕು” ಎಂದಳು.

“ಒಲ್ಲೆ ಬಿಡು” ಎಂದುಬಿಟ್ಟ ಅವನು, ಅಭ್ಯಾಸಬಲದಿಂದ. ಹೇಳಿದವನು ಹೋಗಲಿಲ್ಲ. ಅವಳ ಕಣ್ಣು ಆಗಲೇ ಪರದೆಯ ಮೇಲಿತ್ತು. ಇನ್ನೊಮ್ಮೆ ಕೇಳಲಿ ಎಂದು ಫ್ಯಾನಿನ ಕೆಳಗೇ ನಿಂತುಕೊಂಡ.