ಬಾಗಿಲಿಲ್ಲದ ಪೊರೆ

ಟೈಲರಮ್ಮನ ಪಾಲಿಗೆ ಲೋಕದಲ್ಲಿ ಎರಡೇ ಬಗೆಯ ಜನ: ಹೊಲಿಗೆ ಬಲ್ಲವರು, ಬಟ್ಟೆ ಕೆಡಿಸುವವರು. ಶಾಲೆಯ ಮಕ್ಕಳು ಜೀವಕೋಶದ ನಾಟಕ ಆಡುತ್ತಾರೆ, ವೇಷಗಳನ್ನು ನೀವೇ ಹೊಲಿದುಕೊಡಿ ಎಂದು ವಿಜ್ಞಾನದ ಮೇಷ್ಟ್ರು ಹೇಳಿಹೋದದ್ದೇ ತಡ, ಎರಡನೆಯ ಬಗೆಯವರೆಲ್ಲ ಅವಳ ಅಂಗಡಿಗೆ ಮುತ್ತಿಗೆ ಹಾಕಿದರು.

ಮೊದಲು ಬಂದವಳು ವಕೀಲರ ಹೆಂಡತಿ. ಜೊತೆಗೆ ಕರೆತಂದಿದ್ದ ಮಗನಿಗೆ ಕೋಶಕೇಂದ್ರದ ಪಾತ್ರ.

"ಇಡೀ ಕೋಶಕ್ಕೆ ಅಪ್ಪಣೆ ಕೊಡೋನು ನಮ್ಮೋನೇ ಟೈಲರಮ್ಮ. ಜರಿ ಹಾಕಿ. ಒಂದು ಕಿರೀಟಾನೂ ಇರಲಿ."

"ಕೋಶಕೇಂದ್ರಕ್ಕೆ ಕಿರೀಟ ಇರುತ್ತಾ?"

"ಯಜಮಾನ ಅಂದ್ಮೇಲೆ ಬೇಡ್ವಾ?"

ನಿನ್ನ ಯಜಮಾನ ಮನೇಲಿ ಕಿರೀಟ ಇಟ್ಕೊಂಡು ಓಡಾಡ್ತಾನಾ ಎಂಬ ಮಾತು ತುದಿನಾಲಿಗೆಗೆ ಬಂತು. ಅದನ್ನು ನುಂಗಿಕೊಂಡು, ಟೇಪನ್ನು ಹುಡುಗನ ಎದೆಗೆ ಬೇಕಾದ್ದಕ್ಕಿಂತ ಬಿಗಿಯಾಗಿ ಸುತ್ತಿದಳು.

ಬೇಕರಿಯವಳು ಮೂಗೊರೆಸಿಕೊಳ್ಳುತ್ತಲೇ ಬಂದಳು. "ನನ್ನ ಮಗಳು ಲೈಸೋಸೋಮ್ ಅಂತೆ ಅಕ್ಕ. ಕೋಶದೊಳಗಿನ ಕಸ ಅರಗಿಸೋ ಕೆಲಸವಂತೆ. ಊರಿಗೆಲ್ಲ ತಿಂಡಿ ಕೊಡೋ ಮನೆಯವರು ನಾವು, ನಮ್ಮ ಮಗು ಕಸ ತಿನ್ಬೇಕಾ?"

"ಯಾರೂ ತಿನ್ನದೆ ಬಿಟ್ರೆ ಒಳಗೆಲ್ಲ ನಾರುತ್ತೆ. ನಿಮ್ಮ ಅಂಗಡಿ ಹಿತ್ತಲ ಥರ."

ಬೇಕರಿಯವಳು ನೇರಳೆ ಬಟ್ಟೆ ಆರಿಸಿಕೊಟ್ಟು ಹೋದಳು.

ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳೆಂದರೆ ಪಕ್ಕದ ಬೀದಿಯ ಅವಳಿಗಳು. ಅಳತೆಗೆ ಒಂದು ಗಳಿಗೆ ನಿಂತಿದ್ದರೆ ಕೇಳಿ. ಪ್ರೋಟೀನು ಮಾಡುವ ರೈಬೋಸೋಮ್‌ಗಳಿಗೆ ಇನ್ನೂ ಮೂಗು ಸುರಿಯುತ್ತಿತ್ತು. ಆ ಪ್ರೋಟೀನನ್ನು ಪೊಟ್ಟಣ ಕಟ್ಟಿ ಬೇಕಾದಲ್ಲಿಗೆ ಕಳಿಸಬೇಕಾದ ಗಾಲ್ಗಿಗೋ ತನ್ನ ಬೂಟಿನ ಲೇಸೇ ಕಟ್ಟಲು ಬಾರದು. ಇಂಥವರೆಲ್ಲ ಸೇರಿ ಒಂದು ಜೀವ ನಡೆಸುತ್ತಾರಂತೆ!

ಇಷ್ಟು ಸಾಲದೆಂಬಂತೆ ಅವಳ ಸ್ವಂತ ಮಗಳಿಗೆ ಸಿಕ್ಕಿದ್ದು ಕೋಶಪೊರೆ. ವೇದಿಕೆಯ ಮೇಲೆ ಎದೆಯೆತ್ತರದ ಪೈಪಿನ ಚೌಕಟ್ಟು, ಅದರ ಸುತ್ತ ಬಟ್ಟೆ, ಅದರ ಹೊರಗೆ ಇವಳು.

"ಎಲ್ಲರೂ ಒಳಗೆ ಮೆರೀತಾರೆ, ನೀನು ಗೋಡೆ ಕಾಯ್ತೀಯ," ಎಂದಳು ಟೈಲರಮ್ಮ.

"ಗೋಡೆ ಅಲ್ಲಮ್ಮ, ಪೊರೆ. ಯಾರನ್ನ ಒಳಗೆ ಬಿಡ್ಬೇಕು, ಯಾರನ್ನ ಬಿಡ್ಬಾರ್ದು ಅಂತ ನೋಡೋಳು ನಾನೇ. ಒಂದು ಮಾತೂ ಇದೆ." ಮಗಳು ನೆಲ ನೋಡುತ್ತ ಆ ಮಾತನ್ನು ಆಡಿತೋರಿಸಿದಳು: "ಯಾರು? ಒಳಗೆ ಏನು ಕೆಲಸ?"

"ನಿನ್ನ ದನಿ ನಿನ್ನ ಕಿವಿಗಾದ್ರೂ ಬಿತ್ತಾ? ನೀನು ಕೇಳೋದ್ರೊಳಗೆ ಬರೋನು ಬಂದು ಉಂಡು ಹೋಗಿರ್ತಾನೆ."

ಮಗಳು ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಸೀಮೆಸುಣ್ಣದ ಗೆರೆ ಇರೋ ಕಡೆ ಹೊಲೀಬೇಡಮ್ಮ. ಅದು ಬಾಗಿಲು."

"ಹೂಂ," ಎಂದಳು ತಾಯಿ, ಕಿರೀಟದ ಜರಿಯನ್ನು ಬೈಯುತ್ತ. ಆದರೆ ಬಿಟ್ಟ ಹೊಲಿಗೆ ಕಂಡರೆ ಅವಳ ಕಾಲು ತಾನಾಗಿಯೇ ಮೆಷಿನ್ನು ತುಳಿಯುತ್ತಿತ್ತು. ಸೀಮೆಸುಣ್ಣದ ಗೆರೆ ಸೂಜಿಯ ಕೆಳಗೆ ಹಾದುಹೋಯಿತು, ಎರಡೆರಡು ಸಲ.

ಅಭ್ಯಾಸವೆಲ್ಲ ಕುರ್ಚಿಗಳನ್ನು ಸುತ್ತ ಇಟ್ಟುಕೊಂಡು ನಡೆದಿತ್ತು. ನಾಟಕದ ದಿನ ಮಕ್ಕಳನ್ನು ಚೌಕಟ್ಟಿನೊಳಗೆ ನಿಲ್ಲಿಸಿ, ಮೇಲಿನಿಂದ ಬಟ್ಟೆ ಇಳಿಸಿ, ಮೇಲೂ ಕೆಳಗೂ ಬಿಗಿದು ಕಟ್ಟಿದರು. ಪರದೆ ಸರಿಯಿತು. ಬಿಳಿ ಅಂಗಿಯ ಹುಡುಗನೊಬ್ಬ ಬಂದ.

"ಯಾರು? ಒಳಗೆ ಏನು ಕೆಲಸ?" ಮುಂದಿನ ಸಾಲಿಗಷ್ಟೇ ಕೇಳಿಸಿತು.

"ಸಕ್ಕರೆ. ಮೈಟೊಕಾಂಡ್ರಿಯಕ್ಕೆ ನಾನು ಬೇಕಂತೆ."

"ಬಾ," ಎಂದ ಮಗಳು ಹಿಂದೆ ತಿರುಗಿ ಬಾಗಿಲಿಗೆ ಕೈಯಾಡಿಸಿದಳು. ಮತ್ತೆ ಕೈಯಾಡಿಸಿದಳು. ಮೂರನೆಯ ಸಾಲಿನಲ್ಲಿ ಕೂತಿದ್ದ ಟೈಲರಮ್ಮನಿಗೆ ಆಗ ಗೊತ್ತಾಯಿತು.

"ಸಕ್ಕರೆ ಎಲ್ಲೋ?" ಎಂದು ಅವಳಿಗಳು ಒಳಗೆ ಕುಣಿದಾಡಿದರು. ಕಿರೀಟ ಕಿವಿಗಿಳಿದಿದ್ದ ಕೋಶಕೇಂದ್ರ "ಕೆಲಸ ಶುರು ಮಾಡಿ!" ಎಂದು ಅರಚಿದ. ಮಗಳು ಹೊಲಿಗೆಯನ್ನು ಹಿಡಿದು ಎಳೆದಳು. ಆನೆ ಎಳೆದರೂ ಬಿಚ್ಚದ ಹೊಲಿಗೆ ತನ್ನದೆಂದು ತಾಯಿ ಜಂಬ ಕೊಚ್ಚಿಕೊಳ್ಳುತ್ತಿದ್ದದ್ದು ಸುಳ್ಳಾಗಿರಲಿಲ್ಲ.

"ಪಾಪ, ಆ ಹುಡುಗಿಗೆ ಏನೂ ಬರಲ್ಲ," ಎಂದಳು ಪಕ್ಕದಲ್ಲಿ ಕೂತಿದ್ದ ವಕೀಲರ ಹೆಂಡತಿ.

ಕತ್ತರಿಯಿಲ್ಲದೆ ಮನೆಯಿಂದ ಹೊರಡುವವಳಲ್ಲ ಟೈಲರಮ್ಮ. ಚೀಲದಿಂದ ಅದನ್ನು ತೆಗೆದು ದಡದಡನೆ ಮೆಟ್ಟಿಲು ಹತ್ತಿದಳು. ಕಣ್ಣು ತುಂಬಿಕೊಂಡಿದ್ದ ಮಗಳು ತಾಯಿಯನ್ನು ನೋಡಿದಳು, ಕತ್ತರಿಯನ್ನು ನೋಡಿದಳು. ಆಮೇಲೆ ಕೈ ಅಡ್ಡ ಇಟ್ಟಳು.

"ಯಾರು? ಒಳಗೆ ಏನು ಕೆಲಸ?"

ಈ ಸಲ ದನಿ ಹಿಂದಿನ ಗೋಡೆಗೆ ತಾಗಿತು. ಜನ ಹೋ ಎಂದು ನಕ್ಕರು.

"ನಾನು... ಟೈಲರು," ಎಂದಳು ತಾಯಿ. "ಬಾಗಿಲನ್ನೇ ಹೊಲಿದುಬಿಟ್ಟಿದ್ದೀನಿ. ಬಿಚ್ಚಬೇಕು."

"ಕತ್ತರಿ ಕೊಡಿ. ನೀವು ಹೊರಗಿರಿ."

ಮನೆಯಲ್ಲಿ ಎಂದೂ ಬಹುವಚನ ಹಚ್ಚದ ಹುಡುಗಿ! ಟೈಲರಮ್ಮ ಕೊಟ್ಟಳು. ಮಗಳು ಬಟ್ಟೆಯನ್ನು ಮೇಲಿನಿಂದ ಕೆಳಗೆ ಹಲ್ಲುಹಲ್ಲಾಗಿ ಸೀಳಿದಳು. ಸಕ್ಕರೆ ಒಳಗೆ ನುಗ್ಗಿದ, ಅವಳಿಗಳು ಚಪ್ಪಾಳೆ ತಟ್ಟಿ ಕುಣಿದರು, ಕೋಶ ನಡೆಯತೊಡಗಿತು.

ಟೈಲರಮ್ಮ ಬಂದು ಕೂತಾಗ ವಕೀಲರ ಹೆಂಡತಿ ಬಾಗಿ, "ಹೆತ್ತ ತಾಯಿನೇ ಒಳಗೆ ಬಿಡ್ಲಿಲ್ವಲ್ರೀ ನಿಮ್ಮ ಹುಡುಗಿ," ಎಂದಳು.

"ಬಟ್ಟೆ ಕತ್ತರಿಸೋಕೆ ಬರಲ್ಲ ಅದಕ್ಕೆ, ನೋಡಿ ಹೇಗೆ ಕೆಡಿಸಿಟ್ಟಿದೆ," ಎಂದಳು ಟೈಲರಮ್ಮ, ಮಗಳ ಮೇಲಿಂದ ಕಣ್ಣು ಕೀಳದೆ. "ಆದ್ರೆ ನಿಮ್ಮಂಥೋರು ಹೋಗಿದ್ರೆ ಮೆಟ್ಟಿಲ ಮೇಲೇ ನಿಲ್ಲಿಸಿರೋದು."