ಅಕ್ಕನ ತಗಡಿನ ಕೋಣೆ

ಈ ಕಥೇಲಿ ತಗಡೆಲ್ಲ ನಿಜ. ಉಳಿದದ್ದನ್ನ ಅಲ್ಲಲ್ಲಿ ಸ್ವಲ್ಪ ಬಡಿದು ಉದ್ದ ಮಾಡಿದ್ದೀನಿ, ಅಷ್ಟೆ. ಅದು ನನ್ನ ಕಸುಬು. ಹೊಗೆ ಕೊಳವೆ, ಅಂಚೆ ಡಬ್ಬ, ಬಕೆಟ್ಟು, ಏನು ಬೇಕಾದ್ರೂ ತಗಡಲ್ಲಿ ಮಾಡಿಕೊಡ್ತೀನಿ. ಒಂದ್ಸಲ ಒಬ್ಬನಿಗೆ ಎಷ್ಟು ತೆಳ್ಳಗಿನ ಬಕೆಟ್ ಮಾಡಿಕೊಟ್ಟೆ ಅಂದ್ರೆ, ಅವನು ಅದನ್ನ ಮಡಚಿ ಜೇಬಲ್ಲಿ ಇಟ್ಕೊಂಡು ಹೋದ. ನೀರಿನ ಸಮೇತ.

ನಮ್ಮದು ಮೂರನೇ ಮಹಡಿ. ನಮ್ಮ ಬಾಗಿಲಿಗೆ ಎದುರು ಬಾಗಿಲೇ ನನ್ನ ಅಕ್ಕನ ಮನೆ. ಅಕ್ಕ ಆಸ್ಪತ್ರೇಲಿ ನರ್ಸಾಗಿ ದುಡಿದು ನಿವೃತ್ತಿ ಆದವಳು. ಭಾವ ಒಂದು ಕಾರ್ಖಾನೇಲಿ ರಾತ್ರಿ ವಾಚ್‌ಮನ್ ಆಗಿದ್ದೋರು. ಕೆಲಸ ಬಿಟ್ಟರು, ಕೆಲಸದಲ್ಲಿ ಕಲಿತ ನಿದ್ದೆ ಬಿಡಲಿಲ್ಲ.

ದಿನಾ ಸಂಜೆ ಅಂಗಡಿ ಮುಚ್ಚಿ ಬಂದವನು ನಾನು ಮೊದಲು ಹೋಗೋದು ಅಕ್ಕನ ಮನೆಗೆ. ಆ ದಿನದ ಸುಳ್ಳನ್ನ ಅಲ್ಲೇ ಇಳಿಸಬೇಕು. ನನ್ನ ಹೆಂಡತಿ ಮೊದಲ ಮಾತಿಗೇ "ಆಯ್ತು, ಕೈಕಾಲು ತೊಳ್ಕೊಳ್ಳಿ" ಅಂದುಬಿಡ್ತಾಳೆ. ಅಕ್ಕ ಹಾಗಲ್ಲ. ಒಣಗಿದ ಬಟ್ಟೆ ಮಡಚ್ತಾ, ನನ್ನ ಮುಖ ಕೂಡ ನೋಡದೆ, "ಹೂಂ, ಆಮೇಲೆ?" ಅಂತಾಳೆ. ಒಂದಕ್ಷರಾನೂ ನಂಬಲ್ಲ, ಆದ್ರೆ ಪೂರ್ತಿ ಕೇಳ್ತಾಳೆ. ಅಂಥೋರು ಸಿಗೋದು ಎಷ್ಟು ಕಷ್ಟ ಅಂತ ಸುಳ್ಳು ಹೇಳೋರಿಗೇ ಗೊತ್ತು.

ಇಂಥಾ ಅಕ್ಕ ಒಂದಿನ ಮನೆ ಮಾರ್ತೀನಿ ಅಂತ ಕೂತಳು. ಕಾರಣ, ಎದುರಿನ ಆರು ಮಹಡಿ ಕಟ್ಟಡದ ತಾರಸಿ ಮೇಲೆ ಎದ್ದು ನಿಂತ ಮೊಬೈಲ್ ಟವರು.

ಅದು ಬಂದಿದ್ದೇ ಬಂದಿದ್ದು, ನಮ್ಮ ಬೀದಿಯ ಕಾಯಿಲೆಗಳಿಗೆಲ್ಲ ಒಂದು ವಿಳಾಸ ಸಿಕ್ಕಿತು. ಗಿರಾಕಿಗಳ ಕೂದಲು ಉದುರೋದು ಟವರಿಂದ ಅಂತ ಕೆಳಗಿನ ಕ್ಷೌರದವನು ಸಾರಿಬಿಟ್ಟ. ಅವನದು ಮಾತ್ರ ಹತ್ತು ವರ್ಷ ಮೊದಲೇ ಮುಂಗಡವಾಗಿ ಉದುರಿತ್ತು. ಮೂಲೆಮನೆ ಯಜಮಾನರಿಗೆ ಟವರಿಂದ ಮರೆವು ಬಂತಂತೆ, ಅದನ್ನ ದಿನಕ್ಕೆ ಎರಡು ಸಲ ಬಂದು ಹೇಳೋರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ.

ಅಕ್ಕ ಊರ ಮಾತು ನಂಬೋಳಲ್ಲ. ಅವಳು ನಂಬೋದು ಥರ್ಮಾಮೀಟರ್ ಒಂದನ್ನೇ. ಒಂದಿನ ಒಳಗಿನ ಕೋಣೇಲಿ ಕೂತು, ಬೇರೆ ಊರಲ್ಲಿರೋ ತನ್ನ ಮಗಳ ಜೊತೆ ಮಾತು ಮುಗಿಸಿದಾಗ ಫೋನು ಯಾಕೋ ಬೆಚ್ಚಗಿತ್ತು. ಅಂಗೈಯಿಂದ ಅದರ ಹಣೆ ಮುಟ್ಟಿ ನೋಡಿದಳು. ಥರ್ಮಾಮೀಟರ್ ತಂದು ಫೋನಿಗೂ ಅದರ ಕವರಿಗೂ ಮಧ್ಯೆ, ಕಂಕುಳಲ್ಲಿ ಇಡೋ ಹಾಗೆ ಇಟ್ಟಳು.

"ತೊಂಬತ್ತೊಂಬತ್ತು ದಾಟಿದೆ," ಅಂದಳು. "ಟವರು ಇದನ್ನ ಬೇಯಿಸ್ತಾ ಇದೆ. ಇದನ್ನ ಬೇಯಿಸಿದ್ದು ನಿನ್ನ ಭಾವನ್ನ ಬಿಡುತ್ತಾ?"

"ಭಾವ ಅಷ್ಟು ಬೇಗ ಬೇಯಲ್ಲ ಬಿಡಕ್ಕ."

"ನಗಬೇಡ. ಕೊನೇ ಬಸ್‌ಸ್ಟಾಪಿನಿಂದ ಆಚೆ ಒಂದು ಮನೆ ನೋಡಿದ್ದೀನಿ. ಸುತ್ತಮುತ್ತ ಒಂದು ಟವರಿಲ್ಲ."

"ಮತ್ತೇನಿದೆ ಅಲ್ಲಿ?"

"ಏನೂ ಇಲ್ಲ. ಅದಕ್ಕೇ ಚೆನ್ನಾಗಿದೆ."

ಬಸ್ಸು ಹಿಡಿದು ಅಲ್ಲಿಗೆ ಹೋಗೋಷ್ಟರಲ್ಲಿ ಎಂಥಾ ಬಿಸಿ ಸುಳ್ಳಾದ್ರೂ ಆರಿಹೋಗುತ್ತೆ. ಆರಿದ್ದನ್ನ ಅಕ್ಕನ ಮುಂದೆ ಇಡೋಕೆ ಮನಸ್ಸು ಬರುತ್ತಾ?

"ಅಕ್ಕ, ಸ್ವಲ್ಪ ದಿನ ತಡಿ," ಅಂದೆ. "ನೀವು ಮಲಗೋ ಕೋಣೆಗೆ ತಗಡು ಹೊದಿಸ್ತೀನಿ. ಟವರಿಂದ ಏನು ಬಂದ್ರೂ ಗೋಡೆಗೆ ಮೂಗು ಜಜ್ಜಿಕೊಂಡು ವಾಪಸ್ ಹೋಗಬೇಕು."

"ನಿಜ ಹೇಳ್ತಿದ್ದೀಯಾ?"

"ತಗಡಿನ ವಿಷಯದಲ್ಲಿ ನಾನು ಸುಳ್ಳು ಹೇಳಿದ್ದಿದೆಯಾ?"

"ಆ ಬಕೆಟ್ಟು?"

"ಬಕೆಟ್ಟು ಬಿಡು."

ಹೊದಿಸಿದೆ. ನಾಲ್ಕು ಗೋಡೆ, ಸೂರು, ಬಾಗಿಲಿನ ಒಳಮೈ, ಕಿಟಕಿ, ಒಂದನ್ನೂ ಬಿಡಲಿಲ್ಲ. ಅಂಚಿಗೆ ಅಂಚು ಮಡಚಿ ಸಿಕ್ಕಿಸಿ ರಿವಿಟ್ ಮೊಳೆ ಹೊಡೆದೆ. ಗಾಳಿಗೆ ಅಂತ ಬಾಗಿಲ ಕೆಳಗೆ ಮಾತ್ರ ಬೆರಳಗಲ ಸಂದು ಬಿಟ್ಟೆ. ನನ್ನ ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಮಾಡಿರಲಿಲ್ಲ. ಒಳಗೆ ಸಿಕ್ಕಿಬಿದ್ದ ಸೊಳ್ಳೆಯೊಂದು ವಾರವಿಡೀ ಗೋಡೆ ತಟ್ಟಿ ತಟ್ಟಿ, ಕೊನೆಗೆ ನಾಚಿಕೆ ಬಿಟ್ಟು ಭಾವನ ಹತ್ರ ದಾರಿ ಕೇಳ್ತಂತೆ. ಅವರು ಪಾಪ, ಸಂದು ತೋರಿಸಿದರು.

ಒಂದೇ ತೊಂದರೆ, ಭಾವನ ಗೊರಕೆ. ಆಚೆ ಹೋಗೋಕೆ ಜಾಗ ಸಿಗದೆ ಅದು ಈ ಗೋಡೆಯಿಂದ ಆ ಗೋಡೆಗೆ ಓಡಾಡ್ತಾ ಇತ್ತು. ಭಾವ ಬೆಳಿಗ್ಗೆ ಎದ್ದು ಕೂತು, "ಯಾರೇ ಅದು ಇಷ್ಟೊತ್ತಾದ್ರೂ ಗೊರಕೆ ಹೊಡೀತಿರೋದು?" ಅಂತ ಗದರಿದರು.

"ನೀವೇ," ಅಂದಳು ಅಕ್ಕ.

"ನಾನು ಎದ್ದು ಕೂತಿದ್ದೀನಲ್ಲೇ."

"ನೀವು ಎದ್ದಿದ್ದೀರಿ. ಅದಿನ್ನೂ ಎದ್ದಿಲ್ಲ."

ಆದ್ರೂ ಅಕ್ಕ ನೆಮ್ಮದಿಯಾಗಿದ್ದಳು. ನಾನೂ ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಮಗಳ ಫೋನು ಬಂತು. ತಗಡಿನ ಕೋಣೇಲಿ ಕೂತು ಅಕ್ಕ ಮಾತಾಡಿದಳು. ದನಿ ಚೂರು ಚೂರಾಗಿ, ಯಾರೋ ಜರಡಿ ಹಿಡಿದ ಹಾಗೆ ಬರ್ತಿತ್ತು. ಮಾತು ಮುಗಿಯೋಷ್ಟರಲ್ಲಿ ಫೋನು ಕೆಂಡ. ಥರ್ಮಾಮೀಟರ್ ಇಟ್ಟು ನೋಡಿದ್ರೆ ನೂರಾ ಮೂರು.

ನನ್ನನ್ನ ಕರೆಸಿದಳು.

"ನೋಡು. ನಿನ್ನ ತಗಡಿಗೆ ಸಿಟ್ಟಾಗಿ ಅದು ಇನ್ನೂ ಜೋರು ಮಾಡಿದೆ. ಟವರುಗಳನ್ನ ಅಳೆಯೋ ಸರ್ಕಾರಿ ಕಚೇರಿಗೆ ಹೇಳಿದ್ದೀನಿ, ಶನಿವಾರ ಬರ್ತಾರೆ. ಅವರು ಬಂದು ಏನಾದ್ರೂ ಹೇಳ್ಲಿ. ಭಾನುವಾರ ಮನೆ ನೋಡೋಕೆ ಜನಕ್ಕೆ ಬರಹೇಳಿದ್ದೀನಿ."

ನನಗೆ ಒಂದು ಸುಳ್ಳೂ ಹೊಳೀಲಿಲ್ಲ ಅಂದ್ರೆ ನನ್ನ ಸ್ಥಿತಿ ನೀವೇ ಊಹಿಸ್ಕೊಳ್ಳಿ.

ಅಷ್ಟರಲ್ಲಿ ಮಗಳು ಮತ್ತೆ ಫೋನು ಮಾಡಿದಳು, ಏನೂ ಕೇಳಿಸಲಿಲ್ಲ ಅಂತ. ಒಳಗೆ ಆಗೋ ಮಾತಲ್ಲ ಅಂತ ಅಕ್ಕ ತಲೆ ಮೇಲೆ ದಪ್ಪ ಟವೆಲ್ ಹೊದ್ದು ಬಾಲ್ಕನಿಗೆ ಹೋದಳು. ಎದುರಿಗೇ ಟವರು. ಬೇಗ ಮುಗಿಸ್ತೀನಿ ಅಂತ ಹೋದವಳು ಮಗಳ ಮನೆಯ ನಲ್ಲಿ, ನೆರೆಮನೆ ನಾಯಿ, ಅಳಿಯನ ಹಲ್ಲುನೋವು, ಎಲ್ಲ ವಿಚಾರಿಸಿ, ಅರ್ಧ ಗಂಟೆ ಆದ ಮೇಲೆ ಒಳಗೆ ಬಂದಳು. ಅಭ್ಯಾಸಬಲದಿಂದ ಥರ್ಮಾಮೀಟರ್ ಇಟ್ಟಳು.

ತೊಂಬತ್ತೇಳು.

ಅಕ್ಕ ಅದನ್ನ ಕೊಡವಿ ಮತ್ತೆ ಇಟ್ಟಳು. ಆಗಲೂ ಅಷ್ಟೇ. ಆಮೇಲೆ ತಗಡಿನ ಕೋಣೆಗೆ ಹೋಗಿ ನನ್ನ ಹೆಂಡತಿಗೆ ಫೋನು ಮಾಡಿ, ಬೇಕು ಅಂತಲೇ ಬಹಳ ಹೊತ್ತು ಮಾತಾಡಿದಳು. ನೂರಾ ಮೂರು. ಬಾಲ್ಕನಿಗೆ ಬಂದು ಅದೇ ಮಾತು ಇನ್ನೊಂದ್ಸಲ ಆಡಿದಳು. ತೊಂಬತ್ತೇಳು. ನನ್ನ ಹೆಂಡತಿ ಓಡಿ ಬಂದು, "ರೀ, ಅತ್ತಿಗೆಗೆ ಏನಾಗಿದೆ? ಎದುರು ಮನೆಯಿಂದ ಫೋನು ಮಾಡಿ ಎರಡೆರಡು ಸಲ ಅದನ್ನೇ ಹೇಳ್ತಿದ್ದಾರೆ. ಮರೆವು ಶುರುವಾಯ್ತಾ?" ಅಂದಳು.

ಅಕ್ಕ ಸೋಫಾದಲ್ಲಿ ಕೂತಳು. "ರೋಗಿ ಒಬ್ಬನೇ," ಅಂದಳು. "ಈ ವಾರ್ಡಲ್ಲಿ ಜ್ವರ ಏರುತ್ತೆ, ಆ ವಾರ್ಡಲ್ಲಿ ಇಳಿಯುತ್ತೆ. ಹಾಗಾದ್ರೆ ರೋಗ ಎಲ್ಲಿದೆ?"

ನಾನು ತಗಡಿನ ಕೋಣೆ ಬಾಗಿಲನ್ನ ಮೆಲ್ಲಗೆ ಎಳೆದು ಮುಚ್ಚಿದೆ. ಜ್ವರ ಏರೋ ವಾರ್ಡ್ ಕಟ್ಟಿದವನು ನಾನಲ್ವಾ.

ಶನಿವಾರ ಆ ಕಚೇರಿಯಿಂದ ಅಳತೆಯಮ್ಮ ಬಂದರು. ಕೈಯಲ್ಲಿ ಸೌಟಿನ ಥರದ ಒಂದು ಯಂತ್ರ. ಬಾಲ್ಕನಿ, ಅಡುಗೆಮನೆ, ತಗಡಿನ ಕೋಣೆ ಎಲ್ಲ ಕಡೆ ಹಿಡಿದು ನೋಡಿದರು. ಅಕ್ಕ ಹೊಸ ನರ್ಸಿನ ಹಿಂದೆ ಹೆಡ್ ನರ್ಸ್ ಹೋಗೋ ಹಾಗೆ ಹಿಂದೆಯೇ ಹೋದಳು.

"ಟವರಿನ ಅಲೆಗೆ ಸರ್ಕಾರ ಹಾಕಿರೋ ಮಿತಿ ಅಂದ್ರೆ ಒಂದು ತುಂಬಿದ ಬಕೆಟ್ ಅಂದ್ಕೊಳ್ಳಿ," ಅಂದರು ಅವರು. "ನಿಮ್ಮ ಬಾಲ್ಕನೀಲಿ ಬರ್ತಿರೋದು ಒಂದು ಲೋಟಾನೂ ಇಲ್ಲ. ಟವರಿಂದ ಬರೋದು ನಿಮ್ಮ ತಲೆ ಮೇಲಿಂದ ದಾಟಿ ದೂರ ಹೋಗುತ್ತೆ."

"ಯಾವ ಬಕೆಟ್ಟು? ಇವನು ಮಾಡಿದ್ದಾ?" ಅಂತ ಅಕ್ಕ ನನ್ನ ಕಡೆ ಬೆರಳು ತೋರಿಸಿದಳು.

"ಯಾಕಮ್ಮ?"

"ಏನಿಲ್ಲ. ನಾನು ನರ್ಸಾಗಿದ್ದೋಳು, ಫೋನಿಗೆ ಯಾಕೆ ಜ್ವರ ಬರುತ್ತೆ ಹೇಳಿ."

"ಪಾಪ, ಅದು ಕಿರುಚ್ತಾ ಇದೆ. ಟವರು ಎದುರಿಗೇ ಇದ್ರೆ ಪಿಸುಗುಟ್ಟಿದ್ರೆ ಸಾಕು. ನೀವು ಅದನ್ನ ಡಬ್ಬದೊಳಗೆ ಹಾಕಿ ಮುಚ್ಚಿದ್ದೀರಿ. ಟವರಿಗೆ ಕೇಳ್ಲಿ ಅಂತ ಅದು ಇರೋಬರೋ ಶಕ್ತಿಯೆಲ್ಲ ಹಾಕಿ ಕೂಗ್ತಿದೆ. ಅದೂ ನಿಮ್ಮ ಕಿವಿ ಪಕ್ಕದಲ್ಲೇ."

ಗಾಳಿ ಗುದ್ದಿ ಮೈ ನೋಯಿಸ್ಕೊಂಡ ಅಂತಾರಲ್ಲ, ಹಾಗಾಗಿತ್ತು ನಮ್ಮ ಕೆಲಸ. ಗುದ್ದಿದ್ದು ನಾನು, ನೊಂದಿದ್ದು ಫೋನು.

ಅಕ್ಕ ಬಿಡಲಿಲ್ಲ. "ಟವರಿಂದ ನೂರಕ್ಕೆ ನೂರು ಏನೂ ಆಗಲ್ಲ ಅಂತ ಬಾಯಿಬಿಟ್ಟು ಹೇಳ್ತೀರಾ?"

"ಇಷ್ಟು ಕಮ್ಮಿ ಇದ್ದಾಗ ತೊಂದರೆ ಆಗಿದ್ದು ಇಲ್ಲಿವರೆಗೆ ಹುಡುಕಿದೋರಿಗೆ ಸಿಕ್ಕಿಲ್ಲ. ಇನ್ನೂ ಹುಡುಕ್ತಾ ಇದ್ದಾರೆ. ನೂರಕ್ಕೆ ನೂರು ಅನ್ನೋ ಮಾತು ನೀವು ಆಸ್ಪತ್ರೇಲಿ ಯಾರಿಗಾದ್ರೂ ಹೇಳಿದ್ರಾ?"

ಅಕ್ಕ ಥರ್ಮಾಮೀಟರನ್ನ ಅದರ ಡಬ್ಬಿಗೆ ಹಾಕಿದಳು. "ಇಲ್ಲ."

"ನಮ್ಮ ಮನೆ ತಾರಸಿ ಮೇಲೇ ಒಂದು ಟವರಿದೆ. ಅದರ ಪಾಡಿಗೆ ಅದಿದೆ. ಅದರೊಳಗೆ ಗೂಡು ಕಟ್ಟಿರೋ ಕಾಗೆ ಮಾತ್ರ ನನ್ನ ಕಂಡ್ರೆ ಕುಕ್ಕುತ್ತೆ."

ಅಳತೆಯಮ್ಮ ಟೀ ಕುಡಿದು ಹೊರಟರು. ಬಾಗಿಲು ಹಾಕಿದವಳೇ ಅಕ್ಕ ಭಾನುವಾರದವರಿಗೆ ಫೋನು ಮಾಡಿದಳು, ಬಾಲ್ಕನೀಲಿ ನಿಂತು, ಟವೆಲ್ ಇಲ್ಲದೆ. "ಬರಬೇಡಿ, ಮನೆ ಕೊಡಲ್ಲ," ಅಂದಳು. "ಯಾಕೆ ಅಂದ್ರೆ? ಇಲ್ಲಿ ಸಿಗ್ನಲ್ ಚೆನ್ನಾಗಿದೆ."

ನಾನು ಗೋಡೆ ಕಡೆ ತಿರುಗಿ ಕನ್ನಡಕ ಒರೆಸ್ಕೊಂಡೆ. ತಗಡಿನ ಧೂಳು ಬಿದ್ದಿತ್ತು.

"ನಿಂತಿದ್ದೀಯಲ್ಲ, ತಗಡು ಬಿಚ್ಚು," ಅಂದಳು.

"ಈಗಲೇನಾ?"

"ಹದಿನೈದು ದಿನದಿಂದ ನಿನ್ನ ಭಾವನ ಗೊರಕೆ ಎರಡೆರಡು ಸಲ ಕೇಳ್ತಿದ್ದೀನಿ."

ರಿವಿಟ್ ಕಿತ್ತು ಮೊದಲನೇ ತಗಡು ಎಳೆದೆ ನೋಡಿ. ಒಳಗೆ ಅಷ್ಟು ದಿನದಿಂದ ಒಟ್ಟಾಗಿದ್ದ ಗೊರಕೆಯೆಲ್ಲ ಒಮ್ಮೆಲೇ ಹೊರಗೆ ನುಗ್ಗಿತು. ಬಾಲ್ಕನಿ ದಾಟಿ ಬೀದಿಗೆ ಇಳೀತು. ಗುಡುಗು ಅಂದ್ಕೊಂಡು ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿನ ಬಿಟ್ಟು ಅಂಗಡಿ ಬಾಗಿಲೆಳೆದ. ಟವರಿನ ಮೇಲೆ ಕೂತಿದ್ದ ಪಾರಿವಾಳಗಳು ನಿಂತಲ್ಲೇ ನಿದ್ದೆ ಹೋದವು. ಮೂಲೆಮನೆ ಯಜಮಾನರಿಗೆ ಮರೆತಿದ್ದೆಲ್ಲ ನೆನಪಾಯ್ತು.

ಬಿಚ್ಚಿದ ತಗಡನ್ನ ಅಂಗಡಿಗೆ ಹಾಕಿ ಸಂಜೆ ಬಂದವನು ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ತಗಡು ಬಿಚ್ಚುವಾಗ ಪಕ್ಕದಲ್ಲೇ ನಿಂತು ರಿವಿಟ್ ಹೆಕ್ಕಿದವಳು ಅವಳೇ. ಆದ್ರೂ ದಿಂಬಿನ ಕವರು ಮಡಚ್ತಾ, ತಲೆ ಎತ್ತದೆ, "ಹೂಂ, ಆಮೇಲೆ?" ಅಂದಳು.