ಸಾವ್ಕಾರರು ಮಾಡಿದ ಬೆಕ್ಕಿನ ಬಾಣಂತನ

ಪೋತ್ನಾಳದ ಚನ್ನವೀರ ಸಾವ್ಕಾರರು ಐವತ್ತೆರಡು ವರ್ಷದ ತನಕ ತಮ್ಮ ಕೈಯಾರೆ ಒಂದು ಲೋಟ ನೀರು ತುಂಬಿಕೊಂಡು ಕುಡಿದವರಲ್ಲ. ಅಕ್ಕಿ ಗಿರಣಿಯ ಮಾಲಕರು. ಅವರು ಕೆಮ್ಮಿದರೆ ಹಮಾಲರು ಹೆಗಲ ಮೇಲಿನ ಚೀಲ ಸಮೇತ ನಿಂತುಬಿಡುತ್ತಿದ್ದರು, ಇನ್ನೊಮ್ಮೆ ಕೆಮ್ಮಿದರೆ ಚೀಲ ಹೊತ್ತು ಓಡುತ್ತಿದ್ದರು. ಇಂಥವರಿಗೆ ಹೆದರದ ಜೀವ ಆ ಗಿರಣಿಯಲ್ಲಿ ಎರಡೇ. ಒಂದು, ತೌಡು ಗುಡಿಸುವ ರಂಜಾನಬಿ. ಇನ್ನೊಂದು, ಹೆಗ್ಗಣ.

ಹೆಗ್ಗಣಗಳಿಗೆ ಬಾಯಿರುಚಿ ಹತ್ತಿತ್ತು. ಸೋನಾ ಮಸೂರಿ ಬಿಟ್ಟು ಬೇರೆ ಅಕ್ಕಿಯ ಚೀಲಕ್ಕೆ ಮೂತಿ ಹಚ್ಚುತ್ತಿರಲಿಲ್ಲ. ಬೋನು ಇಟ್ಟರೆ ಒಳಗಿನ ಭಜಿ ತಿಂದು ಹೊರಗೆ ಹೋಗುತ್ತಿದ್ದವು. ಕಡೆಗೆ ಸಾವ್ಕಾರರು ದೇವದುರ್ಗ ಕಡೆಯ ಗಬ್ಬೂರಿಗೆ ಭತ್ತ ನೋಡಲು ಹೋದಾಗ, ಅಲ್ಲಿನ ರೈತ ಕನಕರಾಜನಿಗೆ, "ಒಂದು ಛಲೋ ಬೆಕ್ಕು ನೋಡೋ" ಎಂದರು. ಅವನು ಹಿತ್ತಲಿಗೆ ಹೋಗಿ ಬಂದು, ಬಾಯಿ ಸಡಿಲವಾಗಿ ಕಟ್ಟಿದ ಗೋಣಿಚೀಲವನ್ನು ಕಾರಿನಲ್ಲಿಟ್ಟ.

"ಒಂದಲ್ಲ ಸಾವ್ಕಾರ್ರ, ಮೂರು ಅದಾವ. ಬೆಳದ್ರ ಹುಲಿ ಆಗ್ತಾವ."

ಬೆಳೆದರೆ ಎಂಬ ಮಾತನ್ನು ಸಾವ್ಕಾರರು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಗಿರಣಿಗೆ ಬಂದು ಎಲ್ಲರೆದುರು ಚೀಲ ಬಿಚ್ಚಿಸಿದರು. ಹುಲಿಗಳು ಉರುಳಿಬಿದ್ದವು. ಒಂದು ಮುಷ್ಟಿಯಲ್ಲಿ ಒಂದು ಹಿಡಿಸುವಷ್ಟಿದ್ದವು. ನೀಲಿ ಕಣ್ಣು, ನಿಂತರೆ ಕಾಲು ನಾಲ್ಕು ದಿಕ್ಕಿಗೆ ಸರಿಯುತ್ತಿದ್ದವು. ರಂಜಾನಬಿ ಕಸಬರಿಗೆ ಊರಿಕೊಂಡು ಬಗ್ಗಿ ನೋಡಿದಳು.

"ಸಾವ್ಕಾರ್ರ, ಇವನ್ನ ಇಲಿ ಹಿಡ್ಯಾಕ ತಂದೀರೋ, ಇಲಿಗೆ ನಾಷ್ಟಾ ತಂದೀರೋ?"

ಹಮಾಲರು ನಗಲಿಲ್ಲ. ನಗಲು, ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿಯ ಹಿಂದೆ ಹೋದರು. ಸಾವ್ಕಾರರು ಕನಕರಾಜನಿಗೆ ಫೋನು ಹಚ್ಚಿ ಬೈದರು. ಅವನು ಶಾಂತವಾಗಿ, ತಾಯಿ ಬೆಕ್ಕು ಹೋದ ವಾರ ನಾಯಿ ಬಾಯಿಗೆ ಸಿಕ್ಕಿತೆಂದೂ, ತಿರುಗಿ ಕೊಟ್ಟರೆ ಅವು ಅಲ್ಲೂ ಸಾಯುತ್ತವೆಂದೂ ಹೇಳಿದ. ಬೈಗುಳ ಅರ್ಧಕ್ಕೆ ನಿಂತಿತು.

ಮನೆಯಲ್ಲಿ ಹೆಂಡತಿ ಸೂಗಮ್ಮ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆಕೆ ರಾಯಚೂರಿನಲ್ಲಿದ್ದಳು. ಮಗಳು ಸ್ವಪ್ನಾಳ ಮೊದಲ ಹೆರಿಗೆ ತವರಿನಲ್ಲೇ ಆಗಬೇಕಿತ್ತು. ಆದರೆ ಪೋತ್ನಾಳದಲ್ಲಿ ಗಿರಣಿ ಧೂಳು, ಮೇಲೆ ಕರೆಂಟಿನ ಕಾಟ ಎಂದು ತವರೇ ಎದ್ದು ಮಗಳ ಮನೆಗೆ ಹೋಗಿತ್ತು. ಹೆಣ್ಣು ಕೂಸು ಹುಟ್ಟಿ ಇನ್ನೂ ವಾರವಾಗಿರಲಿಲ್ಲ. ಸಾವ್ಕಾರರಿಗೆ ಖಾನಾವಳಿಯಿಂದ ಡಬ್ಬಿ ಬರುತ್ತಿತ್ತು. ಮರಿಗಳಿಗೆ ಡಬ್ಬಿ ಕಳಿಸುವವರು ಯಾರೂ ಇರಲಿಲ್ಲ.

ಮನೆಯ ಎಮ್ಮೆ ಹಾಲನ್ನು ಕಾಯಿಸಿ ಬಟ್ಟಲಲ್ಲಿ ಇಟ್ಟರು. ಮರಿಗಳು ಅದರಲ್ಲಿ ಈಜಾಡಿದವು, ಕುಡಿಯಲಿಲ್ಲ. ರಂಜಾನಬಿ ಹತ್ತಿಯಲ್ಲಿ ಅದ್ದಿ ಬಾಯಿಗೆ ಹಿಂಡಿದಳು. ಅದು ಒಳಗೆ ಹೋಯಿತು, ಸಂಜೆಯೊಳಗೆ ಎಲ್ಲ ಹೊರಗೂ ಬಂತು. ಬಂದದ್ದು ಸಾವ್ಕಾರರ ಗಾದಿಯ ಮೇಲೆ, ಅವರ ತಂದೆಯ ಕಾಲದಿಂದ ಬೇರೆ ಯಾರೂ ಕೂಡುವ ಧೈರ್ಯ ಮಾಡದ ಬಿಳಿ ಗಾದಿಯ ಮೇಲೆ. ಮರುದಿನ ಬೆಳಿಗ್ಗೆ ಮೂರೂ ಹಿಂಡಿದ ಬಟ್ಟೆಯ ಹಾಗೆ ಬಿದ್ದಿದ್ದವು. ಸಾವ್ಕಾರರು ಅವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾನ್ವಿಯ ಪಶುವೈದ್ಯೆ ಡಾಕ್ಟರ್ ಶ್ರೀಲಕ್ಷ್ಮೀ ಹತ್ತಿರ ಹೋದರು. ಆಕೆ ಮೂವತ್ತರ ಹೆಂಗಸು, ಆಚಾರ್ಯರ ಮನೆತನದವಳು, ಎತ್ತರದ ದನಿ.

"ಏನು ಕುಡಿಸೀರಿ?"

"ಎಮ್ಮಿ ಹಾಲ್ರೀ. ಮನೀದು. ಹನಿ ನೀರು ಹಾಕಿಲ್ಲ," ಎಂದರು ಸಾವ್ಕಾರರು, ಸ್ವಲ್ಪ ಹೆಮ್ಮೆಯಿಂದಲೇ.

"ನೀರು ಹಾಕದ ಎಮ್ಮಿ ಹಾಲು ನಿಮಗ ಛಲೋ. ಇವುಕ್ಕ ಜುಲಾಬು." ಆಕೆ ಮರಿಯ ಬೆನ್ನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಅದು ಮೆಲ್ಲಗೆ ಕೆಳಗಿಳಿಯಿತು. "ನೋಡ್ರಿ, ಮೈಯಾಗಿನ ನೀರೆಲ್ಲಾ ಆರೇದ. ಆಕಳದ್ದೂ ಬ್ಯಾಡ, ಎಮ್ಮೀದೂ ಬ್ಯಾಡ. ಬೆಕ್ಕಿನ ಮರಿಗೇ ಅಂತ ಹಾಲಿನ ಪುಡಿ ಸಿಗ್ತದ. ನನ್ನ ಹತ್ರ ಅರ್ಧ ಡಬ್ಬಿ ಅದ, ಉಳದದ್ದು ರಾಯಚೂರಿಂದ ಬಸ್ಸಿಗೆ ಹಾಕಸ್ತೀನಿ. ಮೂರು ತಾಸಿಗೊಮ್ಮೆ ಕುಡಸ್ಬೇಕು."

"ಯಾರು?"

"ನೀವು."

ಸಾವ್ಕಾರರು ಹಿಂದೆ ತಿರುಗಿ ನೋಡಿದರು. ಅಲ್ಲಿ ಒಂದು ಆಡು ಮಾತ್ರ ನಿಂತಿತ್ತು.

"ಕೂಸಿನಂಗ ಅಂಗಾತ ಮಲಗಿಸಿ ಕುಡಸಬ್ಯಾಡ್ರಿ, ಹಾಲು ಪುಪ್ಪುಸಕ್ಕ ಹೋಗ್ತದ. ಹೊಟ್ಟಿ ಕೆಳಗ ಮಾಡಿ, ತಾಯಿ ಹತ್ರ ಕುಡದಂಗ ಕುಡಸ್ಬೇಕು. ಇನ್ನೊಂದು ಮಾತು. ಇಷ್ಟು ಸಣ್ಣವು ತಾವಾಗೇ ಉಚ್ಚಿ ಹೊಯ್ಯೂದಿಲ್ಲ. ತಾಯಿ ಕೆಳಗ ನೆಕ್ಕಿದರೇ ಹೊಯ್ತಾವ."

ಸಾವ್ಕಾರರು ಪೆಟ್ಟಿಗೆಯೊಳಗಿನ ಮೂರನ್ನೂ ಒಂದೊಂದಾಗಿ ನೋಡಿದರು. ಅವರ ಮೀಸೆಯ ತುದಿ ಅಲುಗಿತು.

"ಡಾಕ್ಟರವ್ವಾ, ನಾವು ಲಿಂಗವಂತರು..."

"ನೆಕ್ಕಬ್ಯಾಡ್ರಿ ಯಪ್ಪಾ. ಬಿಸಿನೀರಾಗ ಹತ್ತಿ ಅದ್ದಿ ಒರಸ್ರಿ. ಕುಡಿಸೂದಕ್ಕ ಮೊದಲೊಮ್ಮೆ, ಆಮ್ಯಾಲ ಒಮ್ಮೆ. ನಿಮ್ಮ ಕೈನೂ ಎರಡು ಸಲ ತೊಳೀರಿ. ಮತ್ತ ದಿನಾ ತೂಕ ಮಾಡಿ ನನಗ ಫೋನ್ ಹಚ್ರಿ. ತೂಕ ಏರಿದ್ರ ಬದಕ್ತಾವ, ಇಳದ್ರ ಇಲ್ಲ."

ತೂಕದ್ದೇ ಕಷ್ಟವಾಯಿತು. ಗಿರಣಿಯ ಕಾಟಾದ ಮೇಲೆ ಮೂರನ್ನೂ ಒಟ್ಟಿಗೆ ಇಟ್ಟರೂ ಮುಳ್ಳು ಕದಲಲಿಲ್ಲ. ಹಾಗಾಗಿ ಸಾವ್ಕಾರರು ಪೆಟ್ಟಿಗೆ ಹಿಡಿದು ಬಂಗಾರದ ಕೆಲಸದ ವೆಂಕೋಬ ಪತ್ತಾರನ ಅಂಗಡಿಗೆ ಹೋದರು. ವೆಂಕೋಬ ಕನ್ನಡಕ ಏರಿಸಿ, ಒಂದೊಂದನ್ನೇ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿಟ್ಟ. ಕಪ್ಪು ಮರಿ ಮುನ್ನೂರಾ ಇಪ್ಪತ್ತು ಗ್ರಾಮು. ಪಟ್ಟೆಯದು ಇನ್ನೂರಾ ತೊಂಬತ್ತು. ಬೂದಿ ಬಣ್ಣದ್ದು ನೂರಾ ತೊಂಬತ್ತೆರಡು, ತಕ್ಕಡಿಯಲ್ಲೇ ಜುಲಾಬು ಮಾಡಿದ ಮೇಲೆ ಕೆಳಗಿಳಿಸಿ ಒರೆಸಿ ತೂಗಿದರೆ ನೂರಾ ತೊಂಬತ್ತು.

"ಇಷ್ಟು ತೂಕದ ಒಡವಿ ಈ ಊರಾಗ ಇನ್ನಾ ಯಾರೂ ತಂದಿಲ್ಲ ಬಿಡ್ರಿ," ಎಂದ ವೆಂಕೋಬ, ತಕ್ಕಡಿ ತೊಳೆಯುತ್ತ. ಸಣ್ಣದಕ್ಕೆ ರಂಜಾನಬಿ ಅಂದೇ, ಹಳೆಯ ಕಾಲದ ಪುಟ್ಟ ತೂಕದ ಲೆಕ್ಕದಲ್ಲಿ, ಛಟಾಕು ಎಂದು ಹೆಸರಿಟ್ಟಳು. ಉಳಿದೆರಡಕ್ಕೆ ಹೆಸರಿಡುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಸಾವ್ಕಾರರ ದಿನಚರಿ ಬದಲಾಯಿತು. ಲಿಂಗಪೂಜೆ ದಿನಕ್ಕೊಂದು ಸಲ, ಅದೂ ಲಗುಬಗೆಯಲ್ಲಿ. ಬೆಕ್ಕಿನ ಪೂಜೆ ಎಂಟು ಸಲ. ಪುಡಿ ಕಲಸುವುದು, ಮೊಣಕೈ ಮೇಲೆ ಹನಿ ಬಿಟ್ಟು ಬಿಸಿ ನೋಡುವುದು, ಮೊಲೆತೊಟ್ಟಿನ ಸಣ್ಣ ಬಾಟ್ಲಿ ಹಿಡಿಯುವುದು, ಒರೆಸುವುದು. ಮೊದಲ ದಿನ ಒರೆಸುವಾಗ ಮುಖ ಆಚೆ ತಿರುಗಿಸಿದ್ದರು. ಮೂರನೆಯ ದಿನ ಕನ್ನಡಕ ಹಾಕಿಕೊಂಡು ಬಣ್ಣ ನೋಡುತ್ತಿದ್ದರು. ಭತ್ತದ ವ್ಯಾಪಾರಿಗಳ ಜೊತೆ ಮಾತಾಡುತ್ತಿದ್ದವರು ನಡುವೆ ಎದ್ದು ಫೋನಿನಲ್ಲಿ, "ಗಟ್ಟಿ ಆಗೇದ್ರೀ ಡಾಕ್ಟರವ್ವಾ. ಹಳದಿ ಅದ. ಸಾಸಿವಿ ಬಣ್ಣ ಅನ್ರಿ," ಎಂದು ಹೇಳುತ್ತಿದ್ದರು. ವ್ಯಾಪಾರಿಗಳು ಅದು ಯಾವ ತಳಿಯ ಭತ್ತ ಎಂದು ತಲೆ ಕೆರೆದುಕೊಂಡರು.

ಚಿಗಟದ ಕಾಟ ಬೇರೆ. ಗೋದಾಮಿನ ಕೀಟನಾಶಕ ಪುಡಿ ಚಿಮುಕಿಸಲೇ ಎಂದು ಕೇಳಿ ಡಾಕ್ಟರರಿಂದ ಬೈಸಿಕೊಂಡರು. "ಚಿಗಟನೂ ಸಾಯ್ತಾವ, ಮರೀನೂ ಸಾಯ್ತಾವ, ಆಮ್ಯಾಲ ನನ್ನ ಕೈಯಾಗ ನೀವೂ," ಎಂದಳು ಆಕೆ. ಕಡೆಗೆ ರಂಜಾನಬಿ ತನ್ನ ಮೊಮ್ಮಗಳ ಹೇನಿನ ಹಣಿಗೆ ತಂದಳು. ಸಾವ್ಕಾರರು ಮರಿಯನ್ನು ತೊಡೆಯ ಮೇಲಿಟ್ಟು ಬಾಚುವುದು, ಸಿಕ್ಕಿದ ಚಿಗಟವನ್ನು ಸಾಬೂನು ನೀರಲ್ಲಿ ಮುಳುಗಿಸುವುದು ಮಧ್ಯಾಹ್ನದ ಕೆಲಸವಾಯಿತು.

ಒಂದು ದಿನ ಛಟಾಕುವಿನ ಹೊಟ್ಟೆ ಉಬ್ಬಿತು. ಡಾಕ್ಟರ್ ಫೋನು ಎತ್ತಲಿಲ್ಲ. ಸಾವ್ಕಾರರು ಹೆಂಡತಿಗೇ ಹಚ್ಚಿದರು.

"ಸೂಗವ್ವಾ, ಹಾಲು ಕುಡಸಿದ ಮ್ಯಾಲ ತೇಗು ಹ್ಯಾಂಗ ಬರಸ್ತಾರ?"

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಈ ಮನುಷ್ಯ ಕೂಸಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಸೂಗಮ್ಮ ಹೆಗಲ ಮೇಲೆ ಹಾಕಿಕೊಂಡು ಬೆನ್ನು ಮೆಲ್ಲಗೆ ತಟ್ಟಬೇಕೆಂದು ಹೇಳಿ, ಫೋನಿಟ್ಟು ಮಗಳಿಗೆ, "ನಿಮ್ಮಪ್ಪ ಮೊಮ್ಮಗಳ ಸಲುವಾಗಿ ಎಷ್ಟು ಹಂಬಲಸಾಕತ್ತಾರ ನೋಡು," ಎಂದು ಕಣ್ಣು ಒರೆಸಿಕೊಂಡಳು. ಸಾವ್ಕಾರರು ಸುಳ್ಳು ಹೇಳಿರಲಿಲ್ಲ, ನಿಜವನ್ನೂ ಹೇಳಿರಲಿಲ್ಲ. ಛಟಾಕು ಹೆಗಲ ಮೇಲೆ ತೇಗಿತು.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಅವತ್ತು ಬೆಳಿಗ್ಗೆ ರೇಷ್ಮೆ ಅಂಚಿನ ಧೋತರ ಉಟ್ಟು ಹೊರಟ ಸಾವ್ಕಾರರು ಪೆಟ್ಟಿಗೆಗೆ ಇಣುಕಿದರೆ, ಎರಡು ಮರಿಗಳು ಒಂದರ ಮೇಲೊಂದು ಹತ್ತಿ ಗಲಾಟೆ ಮಾಡುತ್ತಿದ್ದವು. ಛಟಾಕು ಮೂಲೆಯಲ್ಲಿ ಬಿದ್ದಿತ್ತು. ಬೆಚ್ಚಗಿರಲೆಂದು ಬಟ್ಟೆ ಸುತ್ತಿ ಇಟ್ಟಿದ್ದ ಬಿಸಿನೀರಿನ ಬಾಟ್ಲಿಯಿಂದ ದೂರ ಹೊರಳಿಹೋಗಿ ಮೈ ತಣ್ಣಗಾಗಿತ್ತು. ಬಾಯೊಳಗೆ ಬೆರಳಿಟ್ಟರೂ ತಂಪು.

"ಇದು ಹೋಗ್ತದ್ರೀ," ಎಂದಳು ರಂಜಾನಬಿ ಮೆಲ್ಲಗೆ.

ಸಾವ್ಕಾರರು ಹಾಲಿನ ಬಾಟ್ಲಿ ತಂದು ಡಾಕ್ಟರಿಗೆ ಫೋನು ಹಚ್ಚಿದರು.

"ಹಾಲು ಕೆಳಗ ಇಡ್ರಿ," ಎಂದಳು ಆಕೆ. "ಮೈ ತಣ್ಣಗಿದ್ದಾಗ ಹಾಲು ಪಚನ ಆಗೂದಿಲ್ಲ, ಅದೇ ಕೊಲ್ತದ. ಮೊದಲು ಮೆಲ್ಲಗ ಬೆಚ್ಚಗ ಮಾಡ್ರಿ. ಒಸಡಿಗೆ ಒಂದೆರಡು ಹನಿ ಗ್ಲೂಕೋಸ್ ನೀರು ಸವರ್ರಿ. ಬನಿಯನ್ ಒಳಗ ನಿಮ್ಮ ಹೊಟ್ಟಿಗೆ ಹಚ್ಚಿ ಇಟ್ಕೊಳ್ರಿ. ದೇವರು ಜಾಗ ಬೇಕಾದಷ್ಟು ಕೊಟ್ಟಾನ."

ಹೋಗದೆ ಇರುವ ಹಾಗಿಲ್ಲ, ಅದು ಸ್ವಂತ ಮೊಮ್ಮಗಳ ತೊಟ್ಟಿಲು. ಮರಿಯನ್ನು ಬಿಟ್ಟು ಹೋಗಲೂ ಮನಸ್ಸು ಬರಲಿಲ್ಲ. ಉಳಿದೆರಡನ್ನು ರಂಜಾನಬಿಗೆ ಒಪ್ಪಿಸಿ, ಛಟಾಕುವನ್ನು ಬನಿಯನ್ನೊಳಗೆ ಸೇರಿಸಿ, ಮೇಲೆ ಕೋಟು ಹಾಕಿಕೊಂಡು ಕಾರು ಹತ್ತಿದರು. ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗವಾಗಿ ಶಿವ, ಕೆಳಗೆ ಹೊಟ್ಟೆಯ ಮೇಲೆ ಬೆಕ್ಕು. ಶಿವ ಎಂದಿನಂತೆ ಸುಮ್ಮನಿದ್ದ. ಬೆಕ್ಕೂ ಸುಮ್ಮನಿದ್ದದ್ದೇ ಸಾವ್ಕಾರರ ಚಿಂತೆ. ಮಾನ್ವಿ ದಾಟಿತು, ಅಲುಗಾಟವಿಲ್ಲ. ಡ್ರೈವರ್ ಏಸಿ ಹಚ್ಚಲು ಕೈ ಚಾಚಿದ್ದಕ್ಕೆ ಬೈದು, ಕಿಟಕಿಯನ್ನೂ ಏರಿಸಿ, ಇಬ್ಬರೂ ಬೆವರುತ್ತ ಕೂತರು. ಕಲ್ಲೂರಿನ ಹತ್ತಿರ ಹೊಕ್ಕಳ ಬಳಿ ಸೂಜಿಯಂಥ ಉಗುರೊಂದು ಚುಚ್ಚಿತು. ಸಾವ್ಕಾರರು ಕಣ್ಣು ಮುಚ್ಚಿಕೊಂಡರು. ನೋವಾಯಿತು, ಆದರೆ ಅಷ್ಟು ಸುಖದ ನೋವನ್ನು ಅವರು ಹಿಂದೆಂದೂ ಉಂಡಿರಲಿಲ್ಲ.

ರಾಯಚೂರಿನ ಮನೆ ತುಂಬ ಬೀಗರು. ಬಿಸಿಲಲ್ಲಿ ಕೋಟು ಬಿಚ್ಚದ ಸಾವ್ಕಾರರನ್ನು ಎಲ್ಲರೂ ನೋಡಿದರು. ಅವರ ಹೊಟ್ಟೆ ಆಗಾಗ ತಾನಾಗಿಯೇ ಜಾಗ ಬದಲಿಸುತ್ತಿತ್ತು. ಮನೆಯ ಅಯ್ಯನವರು ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗುವ ಹೊತ್ತಿಗೆ ಸರಿಯಾಗಿ, ಹೊಟ್ಟೆ "ಮಿಂಯ್" ಎಂದಿತು. ಅಯ್ಯನವರು ತಲೆ ಎತ್ತಿದರು.

"ಗ್ಯಾಸು," ಎಂದು ಸಾವ್ಕಾರರು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ, ಹಾಲು ಕುಡಿದ ಕೂಸನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ, ಸೂಗಮ್ಮ ಬೀಗರಿಗೆ ಎಲೆ ಹಾಕಲು ಹೋದಳು. ಕೂಸು ಅಳುವುದು ಕೇಳಿ ತಿರುಗಿ ಬಂದರೆ, ಬಾಗಿಲಲ್ಲೇ ನಿಂತುಬಿಟ್ಟಳು. ಮಂಚದ ಮೇಲೆ ಗಂಡ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಅಂಗಿಯ ತೋಳು ಮೇಲೇರಿದೆ. ಎಡಗೈಯಲ್ಲಿ ಅಂಗೈಯಷ್ಟು ಬೂದಿ ಬೆಕ್ಕು, ಬಲಗೈಯಲ್ಲಿ ಕೂಸಿನ ಹತ್ತಿ. ಪಕ್ಕದಲ್ಲಿ, ಕೋಟಿನ ಜೇಬಿನಲ್ಲಿ ತಂದಿದ್ದ ಮರಿಯ ಬಾಟ್ಲಿ, ಈಗ ಖಾಲಿ. ಅವರು ಬೆಕ್ಕನ್ನು ಟವೆಲಿನಲ್ಲಿ ಸುತ್ತಿಟ್ಟು, ಬಚ್ಚಲಿಗೆ ಹೋಗಿ ಮೊಣಕೈ ತನಕ ಸಾಬೂನು ಹಚ್ಚಿ ತೊಳೆದು ಬಂದು, ಕೂಸಿನ ಕುತ್ತಿಗೆಯ ಕೆಳಗೆ ಕೈ ಕೊಟ್ಟು ಎತ್ತಿ, ಹೆಗಲಿಗೆ ಹಾಕಿ ತಟ್ಟಿದರು. ಕೂಸು ತೇಗಿ ಸುಮ್ಮನಾಯಿತು.

ಆಗ ಅವರಿಗೆ ಹೆಂಡತಿ ಕಂಡಳು.

"ಫೋನಿನ್ಯಾಗ ಕೇಳಿದ್ದು ಇದರ ಸಲುವಾಗಿ ಏನು?" ಎಂದಳು ಸೂಗಮ್ಮ, ಟವೆಲಿನ ಕಡೆ ನೋಡಿ.

"ಹೂಂ."

"ಸ್ವಪ್ನಾ ಹುಟ್ಟಿದಾಗ ಒಂದು ದಿನ ಎತ್ತಿಕೊಂಡಿಲ್ಲ ನೀವು."

"ಆವಾಗ ಯಾರೂ ಕಲಸಲಿಲ್ಲ."

"ನಾ ಕಲಸ್ತೀನಿ ಅಂದಿದ್ದೆ. ಗಿರಣಿಗೆ ಹೊತ್ತಾತು ಅಂತ ಹೋದ್ರಿ."

ಸಾವ್ಕಾರರು ಕೂಸನ್ನು ಕೆಳಗಿಳಿಸದೆ ನಿಂತರು. ಸೂಗಮ್ಮ ಬಂದು ಟವೆಲ್ ಬಿಡಿಸಿ ಛಟಾಕುವಿನ ಮುಖ ನೋಡಿದಳು.

"ಹಾಳಾದ್ದು, ಎಷ್ಟು ಸಣ್ಣದ ಐತಿ," ಎಂದಳು. ಆಮೇಲೆ, "ಇನ್ನೊಂದೀಟು ಎತ್ತಿಕೊಂಡಿರ್ರಿ, ನಾ ಎಲಿ ಹಾಕಿ ಬರ್ತೀನಿ," ಎಂದು ಹೊರಟು, ಹೊರಗಿನಿಂದ ಬಾಗಿಲು ಎಳೆದುಕೊಂಡಳು.

ಒಂದೂವರೆ ತಿಂಗಳ ಮೇಲೆ ಆಕೆ ಪೋತ್ನಾಳಕ್ಕೆ ಮರಳಿದಾಗ ಮರಿಗಳಿಗೆ ಜಂತಿನ ಔಷಧ ಎರಡು ಸಲ ಆಗಿತ್ತು, ಚುಚ್ಚುಮದ್ದಿನ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಬಸವ ಜಯಂತಿಗಿಂತ ದೊಡ್ಡದಾಗಿ ಗುರುತಾಗಿತ್ತು. ಛಟಾಕು ಮುಕ್ಕಾಲು ಕಿಲೋ ದಾಟಿ ಹೆಸರಿಗೆ ಮೋಸ ಮಾಡಿತ್ತು. ಸಾವ್ಕಾರರಿಗೆ ಉಳಿದದ್ದು ಒಂದೇ ಭಯ. ಹಾಲು ಬಿಟ್ಟ ಮರಿಗಳಿಗೆ ಡಾಕ್ಟರ್ ಕೊಟ್ಟ ತಿನಿಸಿನ ಪಾಕೀಟು ಅಟ್ಟದ ಮೇಲೆ, ಅಕ್ಕಿ ಚೀಲದ ಹಿಂದೆ ಅಡಗಿತ್ತು. ಅದರ ಮೇಲೆ ಮೊಳದುದ್ದದ ಮೀನಿನ ಚಿತ್ರವಿತ್ತು. ಈರುಳ್ಳಿ ಬಿಟ್ಟರೆ ಬೇರೆ ಯಾವ ನಾತಕ್ಕೂ ಅವಕಾಶವಿಲ್ಲದ ಮನೆ ಅದು.

ಬಂದ ಎರಡನೆಯ ದಿನವೇ ಸೂಗಮ್ಮ ಪಾಕೀಟು ಕೆಳಗಿಳಿಸಿದಳು. ಕನ್ನಡಕ ಹಾಕಿಕೊಂಡು ಎರಡೂ ಮಗ್ಗುಲು ತಿರುವಿ ನೋಡಿದಳು. ಸಾವ್ಕಾರರು ಬಾಗಿಲಲ್ಲಿ ತಪ್ಪು ಮಾಡಿದವರಂತೆ ನಿಂತಿದ್ದರು.

"ಅದರ ಮ್ಯಾಲ ಮೀನಿನ ಚಿತ್ರ ಅದ..." ಎಂದು ತಾವೇ ಶುರು ಮಾಡಿದರು.

"ಊದಿನಕಡ್ಡಿ ಪಾಕೀಟಿನ ಮ್ಯಾಲ ಶಿವನ ಚಿತ್ರ ಇರ್ತದ. ಒಳಗ ಶಿವ ಇರ್ತಾನೇನು?" ಎಂದಳು ಸೂಗಮ್ಮ.

ಮೂರು ತಟ್ಟೆ ಸಾಲಾಗಿ ಇಟ್ಟು, ತಿನಿಸು ಹಾಕಿ, ಬಿಸಿನೀರು ಬೆರೆಸಿ ಮೆತ್ತಗೆ ಮಾಡಿದಳು. ನಾತಕ್ಕೆ ಸೆರಗು ಮೂಗಿಗೆ ಹಿಡಿದುಕೊಂಡಿದ್ದಳು, ಆದರೆ ಇನ್ನೊಂದು ಕೈಯಿಂದ ಕಲಸುವುದನ್ನು ನಿಲ್ಲಿಸಲಿಲ್ಲ. ಛಟಾಕು ತಟ್ಟೆಯೊಳಗೆ ಎರಡೂ ಮುಂಗಾಲು ಊರಿ ತಿನ್ನತೊಡಗಿತು.